ಚಿನ್ನದ ರೇಕು: ಗುಲಗಂಜಿಯಷ್ಟು ಬಂಗಾರ, ಬೆಟ್ಟದಷ್ಟು ದುಡಿಮೆ

(ವಾರ್ಷಿಕ ಸಮಾರಂಭದ ವಿದ್ಯಾರ್ಥಿಗೋಷ್ಠಿಯಲ್ಲಿ ಮಾಡಿದ ಭಾಷಣ)



ಚಿಕ್ಕವನಿದ್ದಾಗ ನಾನೊಂದು ತಪ್ಪು ಮಾಡಿದ್ದೆ. ಅಜ್ಜನ ಕಪಾಟಿನಲ್ಲಿ ಕೈಬರಹದ ಹಳೆಯ ಕುರ್‌ಆನ್ ಪ್ರತಿಯೊಂದಿತ್ತು. ರಮಝಾನಿಗೆ ಮುಂಚೆ ಮನೆ ಶುಚಿ ಮಾಡುವಾಗ ಅದರ ಮೊದಲ ಪುಟವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಅಂಚಿನ ಹೂಬಳ್ಳಿಯ ಬಂಗಾರವೆಲ್ಲ ಬಟ್ಟೆಗೆ ಬಂತು. ಅಜ್ಜ ಗದರಲಿಲ್ಲ. "ಇದನ್ನು ಮಾಡಿದವನ ಕಷ್ಟ ಗೊತ್ತಿದ್ದರೆ ನೀನು ಹೀಗೆ ಒರೆಸುತ್ತಿರಲಿಲ್ಲ ಮಗಾ" ಎಂದರಷ್ಟೇ. ಆ ಕಷ್ಟವೇನೆಂಬುದನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ.

ಬಂಗಾರದಷ್ಟು ತೆಳ್ಳಗೆ ಬಡಿಯಬಲ್ಲ ಲೋಹ ಇನ್ನೊಂದಿಲ್ಲ. ಸಾಂಪ್ರದಾಯಿಕ ವಿಧಾನದಲ್ಲಿ ಚಿನ್ನದ ಪಟ್ಟಿಯನ್ನು ಚಿಕ್ಕ ತುಂಡು ಮಾಡಿ, ತೊಗಲಿನ ಹಾಳೆಗಳ ನಡುವೆ ಒಂದೊಂದಾಗಿ ಇಟ್ಟು, ಕಟ್ಟು ಕಟ್ಟಿ, ಗಂಟೆಗಟ್ಟಲೆ ಸುತ್ತಿಗೆಯಿಂದ ಬಡಿಯುತ್ತಾರೆ. ಹರಡಿದ್ದನ್ನು ಕತ್ತರಿಸಿ ಮತ್ತೆ ಬಡಿಯುತ್ತಾರೆ. ಕೊನೆಗೆ ಸಿಗುವ ರೇಕಿನ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಸುಮಾರು ಒಂದು ಪಾಲು! ಹಾಗೆ ಬಡಿದರೆ 1 ಗ್ರಾಂ ಚಿನ್ನ ಸುಮಾರು ಅರ್ಧ ಚದರ ಮೀಟರ್ ಜಾಗವನ್ನು ಮುಚ್ಚುತ್ತದೆ. ಉಸಿರು ತಾಗಿದರೂ ಅದು ಹಾರಿಹೋಗುತ್ತದೆ. ಬೆಳಕಿಗೆ ಹಿಡಿದರೆ ಹಸಿರಾಗಿ ಕಾಣುತ್ತದೆ.

ಈ ರೇಕಿನ ಉಪಯೋಗಗಳು ಹಲವು. ಸಿಹಿತಿಂಡಿಯ ಮೇಲಿನ ವರಖ್ ನಿಮಗೆಲ್ಲ ಗೊತ್ತು. ಅದು ಹೆಚ್ಚಾಗಿ ಬೆಳ್ಳಿಯದು, ಬಂಗಾರದ್ದೂ ಉಂಟು. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ಆಭರಣ, ಅಂಚುಗಳನ್ನು ಮೊದಲು ಅಂಟಿನ ಲೇಪದಿಂದ ತುಸು ಉಬ್ಬಿಸಿ, ಅದರ ಮೇಲೆ ರೇಕನ್ನು ಕೂರಿಸುತ್ತಾರೆ. ವಿಜಯಪುರದ ಜಾಮಿಯಾ ಮಸೀದಿಗೆ ಹೋದವರು ಅಲ್ಲಿನ ಮಿಹ್ರಾಬನ್ನು ನೋಡಿರಬಹುದು. 1636ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, ಅದನ್ನು ಬಂಗಾರ ಮತ್ತು ಬಣ್ಣಗಳಿಂದ ಅಲಂಕರಿಸಲಾಯಿತು.

ಗ್ರಂಥಗಳಿಗೆ ಬಳಸುವಾಗ ಶ್ರಮ ಇನ್ನೂ ಹೆಚ್ಚು. ರೇಕನ್ನು ಜೇನು ಅಥವಾ ಅಂಟಿನೊಡನೆ ಬೆರಳಿನಿಂದ ನುಣ್ಣಗೆ ಅರೆದು, ನೀರಿನಲ್ಲಿ ತೊಳೆದು, ಪುಡಿ ತಳಕ್ಕೆ ಇಳಿಯುವವರೆಗೆ ಕಾದು, ಮತ್ತೆ ಅಂಟು ಬೆರೆಸಿ ಕುಂಚದಿಂದ ಬರೆಯುತ್ತಾರೆ. ಒಣಗಿದ ಮೇಲೆ ಅಕೀಕ್ ಕಲ್ಲಿನಿಂದ ಉಜ್ಜಿದರೆ ಹೊಳಪು ಬರುತ್ತದೆ. ಆ ಅಂಟು ನೀರಿಗೆ ಕರಗುವಂಥದ್ದು. ನನ್ನ ಒದ್ದೆ ಬಟ್ಟೆಗೆ ಬಂಗಾರ ಎದ್ದು ಬಂದದ್ದು ಅದಕ್ಕೇ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ನನ್ನದು ಎರಡು ವಿನಂತಿ. ಮನೆಯಲ್ಲಿ ಹಳೆಯ ಕೈಬರಹದ ಗ್ರಂಥವಿದ್ದರೆ ಅದಕ್ಕೆ ನೀರು ತಾಗಿಸಬೇಡಿ. ತೇವವಿಲ್ಲದ ಜಾಗದಲ್ಲಿಡಿ, ಬಲ್ಲವರಿಗೆ ತೋರಿಸಿ. ಇನ್ನೊಂದು, ಕೈಕೆಲಸವೆಂದರೆ ಓದು ಬಾರದವರ ಪಾಡು ಎಂದು ತಿಳಿಯಬೇಡಿ. ಆ ಪುಟದಲ್ಲಿದ್ದ ಚಿನ್ನದ ಬೆಲೆ ತೀರಾ ಕಡಿಮೆ ಇದ್ದೀತು. ಬೆಲೆಯಿದ್ದದ್ದು ಬಡಿದವನ, ಅರೆದವನ, ಬರೆದವನ ತಾಳ್ಮೆಗೆ. ಅವರು ಅದರಲ್ಲಿ ತಮ್ಮ ಹೆಸರನ್ನೂ ಬರೆದಿಟ್ಟಿರಲಿಲ್ಲ. ನಿಮ್ಮ ತಂದೆ ಕಸುಬುದಾರರಾಗಿದ್ದರೆ ಅದನ್ನು ಹೇಳಿಕೊಳ್ಳಲು ನಾಚಬೇಡಿ. ನೀವು ಓದಿ, ಅವರ ವಿದ್ಯೆಯನ್ನೂ ಬರೆದಿಡಿ.

ಬಂಗಾರ ಅಳಿಸಿದ ಆ ಪುಟ ಇಂದಿಗೂ ನನ್ನ ಬಳಿ ಇದೆ.