ವೈದ್ಯಕೀಯಕ್ಕೆ ಹೋಗಲೇ, ಬೇಡವೇ?

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಒಂದೇ ಮಾತು: ಮೆಡಿಕಲ್ ಸಿಗುತ್ತದೆಯೋ ಇಲ್ಲವೋ? ನಮ್ಮ ನವಲಗುಂದದಂಥ ಊರಿನಲ್ಲಿ ಮನೆಯವರಷ್ಟೇ ಅಲ್ಲ, ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಹಿಡಿದು ನಿಂತವರೂ ಇದನ್ನು ಕೇಳುತ್ತಾರೆ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ವೈದ್ಯರ ದಿನಚರಿ ನನಗೆ ಒಗ್ಗುತ್ತದೆಯೇ? ಇದನ್ನು ಮಕ್ಕಳು ತಮ್ಮನ್ನು ತಾವೇ ಕೇಳಿಕೊಳ್ಳಲು ನಾವು ಬಿಡುವು ಕೊಡುವುದಿಲ್ಲ.

1998ರಲ್ಲಿ ನಾನೂ ಹಾಗೆಯೇ ನಿಂತಿದ್ದೆ. ಆಗ ರಾಜ್ಯದ ಸಿ.ಇ.ಟಿ.ಯೇ ಹೆಬ್ಬಾಗಿಲು. ನನಗೆ ಬಂದ ರ‍್ಯಾಂಕಿಗೆ ಫ್ರೀ ಸೀಟು ಸಿಗುವಂತಿರಲಿಲ್ಲ. ಪೇಮೆಂಟ್ ಸೀಟಿಗೆ ಅವಕಾಶವಿತ್ತು. ನಮ್ಮ ತಂದೆಯವರು, 'ನಾಲ್ಕೆಕರೆ ಹೊಲಾ ಹೋದ್ರ ಹೋಗ್ಲಿ, ಮನ್ಯಾಗ ಒಬ್ಬ ಡಾಕ್ಟರ್ ಆಗ್ಲಿ' ಎಂದುಬಿಟ್ಟರು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬೆಳೆದು ನಮ್ಮನ್ನು ಸಾಕಿದ ಎರೆಹೊಲ ಅದು.

ಅದೇ ಬೇಸಿಗೆಯಲ್ಲಿ ನಮ್ಮ ಅಜ್ಜ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ರಾತ್ರಿ ಅವರ ಮಂಚದ ಬದಿಗೆ ಚಾಪೆ ಹಾಸಿ ಮಲಗಿದೆ. ಎಕ್ಸ್‌ರೇ ಫಿಲ್ಮು ಬಂದಾಗ ದೀಪಕ್ಕೆ ಹಿಡಿದು ಹತ್ತು ಪ್ರಶ್ನೆ ಕೇಳುತ್ತಿದ್ದವನು ನಾನೇ. ಆದರೆ ನಡುರಾತ್ರಿ ಪಕ್ಕದ ಮಂಚದಿಂದ ನರಳಾಟ ಕೇಳಿದರೆ ಎದ್ದು ವರಾಂಡಕ್ಕೆ ಹೋಗುತ್ತಿದ್ದವನೂ ನಾನೇ. ಊಟದ ಡಬ್ಬಿ ತರುತ್ತಿದ್ದ ಚಿಕ್ಕಪ್ಪನ ಮಗಳು ಮಾತ್ರ ಅಜ್ಜನ ಬೆನ್ನಿನ ಹುಣ್ಣನ್ನು ಮುಖ ಸಿಂಡರಿಸದೆ ಒರೆಸುತ್ತಿದ್ದಳು. ಅಂಕಗಳಲ್ಲಿ ಅವಳು ನನಗಿಂತ ಹಿಂದೆ. ಅವಳನ್ನು ಯಾರೂ 'ಡಾಕ್ಟರ್ ಆಗ್ತೀಯೇನು?' ಎಂದು ಕೇಳಿರಲಿಲ್ಲ.

ನಾನು ಬೇಡವೆಂದೆ. ತಂದೆಯವರು ಮೂರು ತಿಂಗಳು ನನ್ನೊಡನೆ ನೆಟ್ಟಗೆ ಮಾತನಾಡಲಿಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಸೇರಿದೆ. ಅಂದು ಅರಿತು ನಿರ್ಧರಿಸಿದೆನೋ ಅಥವಾ ಹೆದರಿ ಓಡಿದೆನೋ ಎಂಬ ಸಂದೇಹ ಇಂದಿಗೂ ಒಮ್ಮೊಮ್ಮೆ ಕಾಡುವುದುಂಟು. ಆದರೆ ಆ ಹನ್ನೊಂದು ರಾತ್ರಿಗಳು ಇಲ್ಲದಿದ್ದರೆ ನನ್ನ 'ಹೌದು'ಗೂ 'ಇಲ್ಲ'ಕ್ಕೂ ಆಧಾರವೇ ಇರುತ್ತಿರಲಿಲ್ಲ.

ಈಗಿನ ಪರಿಸ್ಥಿತಿಯನ್ನು ನೋಡೋಣ. 2017ರಿಂದ ನಮ್ಮ ರಾಜ್ಯದ ಎಂ.ಬಿ.ಬಿ.ಎಸ್. ಸೀಟುಗಳಿಗೆಲ್ಲ ನೀಟ್ ಪರೀಕ್ಷೆಯೇ ದಾರಿ. ಒಟ್ಟು 720 ಅಂಕ. ಅದರಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರಕ್ಕೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. 2024ರಲ್ಲಿ ದೇಶದಾದ್ಯಂತ 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು. ಇದ್ದ ಸೀಟುಗಳು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಸೀಟು ಸಿಗದ ಮಕ್ಕಳೆಲ್ಲ ದಡ್ಡರಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ರಾಜ್ಯದ ಸರ್ಕಾರಿ ಸೀಟುಗಳಲ್ಲಿ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇದೆ. ಇದರ ಪ್ರಮಾಣಪತ್ರಗಳನ್ನು ಕೊನೆಯ ದಿನದವರೆಗೆ ಕಾಯದೆ ಮಾಡಿಸಿಟ್ಟುಕೊಳ್ಳಬೇಕು.

ಸೀಟು ಸಿಕ್ಕಿತೆನ್ನಿ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಷಿಪ್. ತಜ್ಞವೈದ್ಯರಾಗಬೇಕಾದರೆ ಮತ್ತೊಂದು ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷ. ಜೊತೆಗೆ ಓದಿದ ಗೆಳೆಯ ಸಂಬಳ ತಂದು ಮನೆ ಕಟ್ಟಿಸುವ ಹೊತ್ತಿಗೆ ನೀವು ಇನ್ನೂ ರಾತ್ರಿಪಾಳಿಯ ವಾರ್ಡಿನಲ್ಲಿರುತ್ತೀರಿ. ಇದನ್ನು ಮಕ್ಕಳಿಗೂ ಪಾಲಕರಿಗೂ ಮೊದಲೇ ತಿಳಿಸಬೇಕು.

ಇಲ್ಲಿ ಸೀಟು ಸಿಗದವರು ವಿದೇಶದತ್ತ ನೋಡುವುದುಂಟು. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಯುದ್ಧಕ್ಕೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ನೆರೆಯ ಹಾವೇರಿ ಜಿಲ್ಲೆಯ ಚಳಗೇರಿಯವನು. ಪಿ.ಯು.ಸಿ.ಯಲ್ಲಿ ಉತ್ತಮ ಅಂಕ ಪಡೆದಿದ್ದ ಹುಡುಗ. ತಂದೆತಾಯಿ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. ಆ ದುರಂತವನ್ನು ಯಾರೂ ಮುಂಗಾಣಲಾರರು. ಆದರೆ ವಿದೇಶದಲ್ಲಿ ಪದವಿ ಪಡೆದು ಬಂದವರು ಇಲ್ಲಿ ವೈದ್ಯವೃತ್ತಿ ನಡೆಸಲು ಇನ್ನೊಂದು ಅರ್ಹತಾ ಪರೀಕ್ಷೆ ಪಾಸಾಗಲೇಬೇಕೆಂಬುದು ಹೊರಡುವ ಮೊದಲೇ ತಿಳಿದಿರಬೇಕಾದ ಸಂಗತಿ.

ಹಾಗಾದರೆ ನಿರ್ಧರಿಸುವುದು ಹೇಗೆ? ನನ್ನ ಅನುಭವದಿಂದ ಎರಡು ಮಾತು ಹೇಳಬಲ್ಲೆ.

ಮೊದಲನೆಯದು: ಆಸ್ಪತ್ರೆಯನ್ನು ನೋಡಿ. ಬಂಧುಗಳು ದಾಖಲಾದಾಗ ಹಣ್ಣು ಕೊಟ್ಟು ಹೊರಟುಬಿಡಬೇಡಿ. ಎರಡು ರಾತ್ರಿ ಕಾಯಿರಿ. ತಾಲ್ಲೂಕು ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಒಂದು ಮುಂಜಾನೆ ಕುಳಿತು ನೋಡಿ. ಎಂಬತ್ತನೆಯ ರೋಗಿಯ ಮಾತನ್ನು ಮೊದಲನೆಯವರ ಮಾತಿನಷ್ಟೇ ತಾಳ್ಮೆಯಿಂದ ಕೇಳಬಲ್ಲಿರಾ? ರಕ್ತ ಕಂಡು ತಲೆ ಸುತ್ತಿದರೆ ಗಾಬರಿ ಬೇಡ, ಅದು ರೂಢಿಯಿಂದ ಹೋಗುತ್ತದೆ. ಕಾಯಿಲೆಯ ಮನುಷ್ಯರ ಬಗೆಗಿನ ಬೇಸರ ಹಾಗೆ ಹೋಗುವುದು ಕಷ್ಟ.

ಎರಡನೆಯದು ಪಾಲಕರಿಗೆ: ಮಿತಿಯನ್ನು ಮೊದಲೇ ಗೊತ್ತುಮಾಡಿ. ಎಷ್ಟು ಸಲ ಪರೀಕ್ಷೆ, ಎಷ್ಟು ಸಾಲ, ಎಷ್ಟು ಹೊಲ? ಫಲಿತಾಂಶ ಬಂದ ದಿನದ ಉದ್ವೇಗದಲ್ಲಿ ಇದು ತೀರ್ಮಾನವಾಗಬಾರದು. ಪರೀಕ್ಷೆಗೆ ಆರು ತಿಂಗಳು ಮೊದಲು, ಮಕ್ಕಳನ್ನೂ ಕೂರಿಸಿಕೊಂಡು, ಲೆಕ್ಕ ಬರೆದು ಮಾತಾಡಿ. ಹೊಲ ಮಾರಿ ಓದಿಸಿದ ಋಣ ಹೊತ್ತ ಹುಡುಗ ಮೊದಲ ವರ್ಷವೇ 'ನನಗಿದು ಆಗದು' ಎಂದು ಹೇಳಲಾರ. ಹೇಳಲಾರದ ಮಕ್ಕಳೇ ಹೆಚ್ಚು ನೋಯುತ್ತಾರೆ.

ಪಕ್ಕದ ಹಾದಿಗಳೂ ಇವೆ. ನರ್ಸಿಂಗ್, ಫಾರ್ಮಸಿ, ಫಿಜಿಯೋಥೆರಪಿ, ಪ್ರಯೋಗಾಲಯ ತಂತ್ರಜ್ಞಾನ, ಪಶುವೈದ್ಯಕೀಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯವಂತೂ ನಮ್ಮ ಮನೆಬಾಗಿಲಲ್ಲೇ ಇದೆ. ಇವು ಸೋತವರ ಛತ್ರಗಳಲ್ಲ. ಇಷ್ಟಪಟ್ಟು ಹೋದವರಿಗೆ ಇವೂ ಪೂರ್ಣ ವೃತ್ತಿಗಳೇ.

ನಮ್ಮ ಚಿಕ್ಕಪ್ಪನ ಮಗಳು ನರ್ಸಿಂಗ್ ಓದಿದಳು. ಇಂದು ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರಿಗೆ ಪಾರ್ಶ್ವವಾಯು ಬಡಿದಾಗ ಅವರನ್ನು ಮಗ್ಗುಲಾಗಿಸುವ ರೀತಿಯನ್ನು ನನಗೆ ಕಲಿಸಿದವಳು ಅವಳೇ. ಆ ನಾಲ್ಕೆಕರೆ ಇನ್ನೂ ನಮ್ಮಲ್ಲೇ ಇದೆ. ತಂದೆಯವರು ಆಕೆಯನ್ನು ತೋರಿಸಿ ಬಂದವರಿಗೆಲ್ಲ, 'ಮನ್ಯಾಗ ಡಾಕ್ಟರ್ ಅದಾಳ' ಎನ್ನುತ್ತಿದ್ದರು. ಅವಳು ಪ್ರತಿ ಸಲವೂ, 'ದೊಡ್ಡಪ್ಪಾ, ನಾ ನರ್ಸು' ಎಂದು ತಿದ್ದುತ್ತಿದ್ದಳು.