ಕಲ್ಲಿನ ಮೇಲಿನ ಎತ್ತು

(ಅಣ್ಣಿಗೇರಿಯಲ್ಲಿ ರೈತ ತರುಣರ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)



ಇಂದು ನಮಗೆ ಗೊತ್ತುಮಾಡಿದ ವಿಷಯ, ಅತಿ ಪ್ರಾಚೀನ ಕಾಲದ ಚಿತ್ರ ಮತ್ತು ಶಿಲ್ಪ. ಪೀಕಿಗೆ ಬೆಲೆಯಿಲ್ಲ, ಸಾಲ ತೀರಿಲ್ಲ, ಇದೆಂಥ ವಿಷಯ ತಂದರು ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ನಮಗೆ ಕೇಳಿಸಿತು. ಸಿಟ್ಟಿಲ್ಲ. ಗೊಣಗಿದವರ ಮನೆಯ ಎತ್ತಿನಿಂದಲೇ ಸುರು ಮಾಡೋಣ.

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ನವಲಗುಂದದಿಂದ ಕಲಘಟಗಿಯವರೆಗೆ ಯಾವ ಹಳ್ಳಿಗೆ ಹೋದರೂ ಮಣ್ಣಿನ ಎತ್ತು ಮಾಡಿ, ಮುಂದೊಂದು ಗ್ವಾದಲಿ ಇಟ್ಟು ಪೂಜೆ ಮಾಡುವುದು ಕಾಣುತ್ತದೆ. ಇಣಿ ಎದ್ದು ಕಾಣಬೇಕು, ಕೋಡು ಉದ್ದ ಬರಬೇಕು. ಅದಕ್ಕಾಗಿ ಹುಡುಗರಲ್ಲಿ ಜಗಳವೇ ಆಗುತ್ತದೆ. ಇದಕ್ಕೆ ಕಲೆಯೆಂದು ಯಾರೂ ಹೆಸರಿಟ್ಟಿಲ್ಲ.

ಈಗ ಅಣ್ಣಿಗೇರಿಯ ನಿಲ್ದಾಣದಲ್ಲಿ ರೈಲು ಹತ್ತಿರಿ. ಗದಗ, ಕೊಪ್ಪಳ, ಹೊಸಪೇಟೆ ದಾಟಿದರೆ ಬಳ್ಳಾರಿ. ಆ ಊರ ಹೊರಗೆ ಸಂಗನಕಲ್ಲು, ಅದರ ಮಗ್ಗುಲಲ್ಲಿ ಕಪ್ಪಗಲ್ಲು. ಅಲ್ಲಿಯ ಗುಡ್ಡದಲ್ಲಿ ಕರಿಕಲ್ಲಿನ ಒಂದು ಏಣು ಇದೆ. ಅದರ ಬಂಡೆಗಳ ಮೇಲೆ ಎತ್ತುಗಳು, ನೂರಾರು ಎತ್ತುಗಳು! ಅದೇ ಇಣಿ, ಅದೇ ಉದ್ದ ಕೋಡು. ನಡುನಡುವೆ ಮನುಷ್ಯರು. ಇವುಗಳಲ್ಲಿ ಹಳೆಯವು ಸುಮಾರು 4000 ವರ್ಷದ ಹಿಂದಿನವು. ಬಣ್ಣವಿಲ್ಲ, ಉಳಿಯಿಲ್ಲ, ಕಬ್ಬಿಣವೆಂಬುದೇ ಆಗ ಇರಲಿಲ್ಲ. ಗಟ್ಟಿ ಕಲ್ಲೊಂದನ್ನು ಕೈಯಲ್ಲಿ ಹಿಡಿದು ಬಂಡೆಯನ್ನು ಕುಟ್ಟಿದರೆ ಮೇಲಿನ ಕರಿಪದರು ಉದುರಿ ಒಳಗಿನ ತಿಳಿಬಣ್ಣ ಕಾಣುತ್ತದೆ. ಹಾಗೆ ಕುಟ್ಟಿ ಕುಟ್ಟಿ ಬರೆದದ್ದು. ಕೆಲವು ಚಿತ್ರಗಳು ಏಣಿಯಿಲ್ಲದೆ ನಿಲುಕದ ಎತ್ತರದಲ್ಲಿವೆ. ಅಲ್ಲಿ ಬಡಿದರೆ ಗಂಟೆಯಂತೆ ನುಡಿಯುವ ಬಂಡೆಗಳೂ ಇವೆ. ಅವನ್ನು ಬಾರಿಸಿ ಬಾರಿಸಿ ಕುಳಿ ಬಿದ್ದಿದೆ. ಚಿತ್ರದ ಜೊತೆಗೆ ನಾದವೂ ಇತ್ತೆಂದಾಯಿತು.

ಬರೆದವರು ಯಾರು? ದನ ಕಾಯ್ದವರು, ಕಲ್ಲಿನ ಕೊಡಲಿ ಮಾಡಿದವರು. ಪಕ್ಕದ ಹಿರೇಗುಡ್ಡದಲ್ಲಿ ಅವರ ಕೊಡಲಿಯ ಕಾರಖಾನೆಯೇ ಇತ್ತು. ಅವರು ಸೆಗಣಿಯನ್ನು ರಾಶಿ ಹಾಕಿ ಸುಟ್ಟ ಬೂದಿಯ ದಿಬ್ಬಗಳು ಕುಡತಿನಿಯಲ್ಲಿ ಮತ್ತು ಇತರ ಕಡೆ ಇನ್ನೂ ಇವೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬಕ್ಕೆ ಜನರು ವಾಲಿಯನ್ನು ಸುಟ್ಟ ಬೂದಿಯೆನ್ನುತ್ತಾರೆ. ಅದು ದನದ ಸೆಗಣಿಯ ಬೂದಿಯೆಂದು ಭೂಗರ್ಭಶಾಸ್ತ್ರಜ್ಞ ಬ್ರೂಸ್ ಫೂಟ್ 19ನೆಯ ಶತಮಾನದಲ್ಲಿಯೇ ಹೇಳಿದ್ದ. ಆಲ್ಚಿನ್ 1957ರಲ್ಲಿ ಉಟ್ನೂರಿನ ದಿಬ್ಬವನ್ನು ಅಗೆದ ಮೇಲೆ ಅದು ಗಟ್ಟಿಯಾಯಿತು. ಈ ಜನರ ಊರುಗಳಲ್ಲಿ ಮಣ್ಣಿನ ಎತ್ತುಗಳೂ ಸಿಕ್ಕಿವೆ. ನಮ್ಮ ಅಮಾವಾಸ್ಯೆ ಅಂದಿನಿಂದಲೇ ನಡೆದುಬಂದಿದೆಯೆಂದು ನಾವು ಹೇಳುವುದಿಲ್ಲ, ಅದಕ್ಕೆ ಸಾಕ್ಷಿ ಬೇಕು. ಆದರೆ ಎತ್ತನ್ನು ನೋಡಿದ ಕಣ್ಣು ಒಂದೇ.

ಸ್ಪೇನ್ ದೇಶದ ಒಂದು ಸಂಗತಿ ಕೇಳಿರಿ. 1879ರಲ್ಲಿ ಸೌಟುವೋಲಾ ಎಂಬವನು ಅಲ್ಟಮೀರಾ ಎಂಬ ಗವಿಯೊಳಗೆ ನೆಲ ಕೆದರುತ್ತಿದ್ದ. ಜೊತೆಗಿದ್ದ ಎಂಟು ವರ್ಷದ ಮಗಳು ಮರೀಯಾ ತಲೆಯೆತ್ತಿ ನೋಡಿದಳು. ಮಾಡಿನ ತುಂಬ ಎತ್ತುಗಳು! ಅವು ನಿಜವಾಗಿ ಕಾಡುಕೋಣದ ಜಾತಿಯವು, ಕೆಂಪು ಕಪ್ಪು ಬಣ್ಣದವು, ಹತ್ತು ಸಾವಿರಕ್ಕೂ ಹೆಚ್ಚು ವರ್ಷ ಹಳೆಯವು. ತಂದೆ ಮರುವರ್ಷ ಪುಸ್ತಕ ಬರೆದು ಪ್ರಕಟಿಸಿದ. ಪಂಡಿತರು ನಂಬಲಿಲ್ಲ. ಬೇಟೆಯಾಡಿ ತಿರುಗುವ ಕಾಡುಜನರಿಗೆ ಇಷ್ಟು ಚೆಂದ ಬರೆಯಲು ಬಂದೀತೆ? ಇವನೇ ಯಾರಿಂದಲೋ ಬರೆಸಿದ್ದಾನೆಂದು ಆರೋಪಿಸಿದರು. ಅವನು 1888ರಲ್ಲಿ ಆ ಕಳಂಕ ಹೊತ್ತುಕೊಂಡೇ ತೀರಿಹೋದ. ಎದುರು ನಿಂತವರಲ್ಲಿ ಮುಖ್ಯನಾದ ಕಾರ್ತೆಯಾಕ್ 1902ರಲ್ಲಿ ತಪ್ಪೊಪ್ಪಿ ಬರೆದ. ಕೇಳಬೇಕಾದವನು ಆಗ ಇರಲಿಲ್ಲ.

ಆ ಪಂಡಿತರನ್ನು ಬೈಯುವ ಮೊದಲು ನಮ್ಮ ಮಾತೊಂದನ್ನು ಹೇಳಬೇಕು. ನಾವು ಮಾಸ್ತರಿಕೆ ಮಾಡುತ್ತಿದ್ದಾಗ ಲೆಕ್ಕದ ಹೊತ್ತಿಗೆ ಒಬ್ಬ ಹುಡುಗ ಪಾಟಿಯ ಮೇಲೆ ಎತ್ತು ಬರೆದಿದ್ದ. ಮೈ ಬಗ್ಗಿಸಿ ನೊಗಕ್ಕೆ ಕೊರಳು ಕೊಡುವ ಎತ್ತು. ನಾವು ಅಂಗೈಯಿಂದ ಅದನ್ನು ಒರಸಿ, ದನ ಕಾಯಲಿಕ್ಕೇ ಹುಟ್ಟಿದ್ದೀ ಎಂದೆವು. ತಂದೆಯ ಕೈ ನಡೆಯಲಿಲ್ಲ. ಮರುವರ್ಷ ಅವನು ಸಾಲಿ ಬಿಟ್ಟು ನಿಜವಾಗಿಯೂ ದನದ ಹಿಂದೆ ಹೋದ. ಕಪ್ಪಗಲ್ಲಿನ ಬಂಡೆಯ ಮುಂದೆ ನಿಂತಾಗ ನಮಗೆ ಮೊದಲು ನೆನಪಾದದ್ದು ಆ ಪಾಟಿ.

ಮುಂದೆ ರಾಜರು ಬಂದರು, ಗುಡಿಗಳು ಬಂದವು. ಬಾದಾಮಿಯ ಮೂರನೆಯ ಗುಹೆಯನ್ನು 578ರಲ್ಲಿ ಮಂಗಲೇಶ ಕೊರೆಸಿದನೆಂದು ಶಾಸನವಿದೆ. ಕೊರೆಸಿದವನ ಹೆಸರು ಪುಸ್ತಕಕ್ಕೆ ಬಂತು. ಕೊರೆದವರು? ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಉತ್ತರ ಸಿಗುತ್ತದೆ. 8ನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಆ ಗುಡಿಯನ್ನು ಕಟ್ಟಿದವನು ಗುಂಡ. ಅನಿವಾರಿತಾಚಾರಿ ಎಂದು ಅವನ ಬಿರುದು. ಪಾಪನಾಥ ಗುಡಿಯಲ್ಲಿ ರೇವಡಿ ಓವಜ್ಜನ ಹೆಸರಿದೆ. ಆದರೆ ಕಲ್ಲು ಎಳೆದವರ, ಹೊತ್ತವರ, ಉಳಿ ಹರಿತ ಮಾಡಿಕೊಟ್ಟ ಕಮ್ಮಾರರ ಹೆಸರು ಎಲ್ಲಿಯೂ ಇಲ್ಲ. ಇದೇ ಊರಿನಲ್ಲಿ 1050ರ ಅಮೃತೇಶ್ವರ ಗುಡಿಯ 76 ಕಂಬಗಳ ನಡುವೆ ನೀವು ಬೇಸಿಗೆಯಲ್ಲಿ ತಂಪಿಗೆಂದು ಮಲಗುತ್ತೀರಿ. ಒಂದು ಸಲ ಎದ್ದು ಕುಳಿತು, ಒಂದು ಕಂಬವನ್ನು ನಿಲ್ಲಿಸಲು ಎಷ್ಟು ಹೆಗಲು ಬೇಕಾದಾವೆಂದು ಎಣಿಸಿ ನೋಡಿರಿ.

ಈಗ ಕಪ್ಪಗಲ್ಲಿಗೆ ಮರಳೋಣ. ಆ ಚಿತ್ರಗಳ ಬಗ್ಗೆ ಫಾಸೆಟ್ ಎಂಬವನು 1892ರಲ್ಲಿ ಬರೆದಿದ್ದ. ಮುಂದಿನ ನೂರು ವರ್ಷಗಳಲ್ಲಿ ಅಲ್ಲಿಗೆ ಬಂದ ಪಂಡಿತರು ಕೆಲವರೇ. ಆಮೇಲೆ ಬಂದದ್ದು ಕಲ್ಲುಗಣಿ. 2004ರಲ್ಲಿ ಸಂಶೋಧಕರು ವರದಿ ಬರೆಯುವ ಹೊತ್ತಿಗೆ ಗುಡ್ಡದ ಒಂದು ಭಾಗ ಒಡೆದುಹೋಗಿತ್ತು, ಅದರೊಂದಿಗೆ ಕೆಲವು ಚಿತ್ರಗಳೂ. 4000 ವರ್ಷ ಮಳೆ ಬಿಸಿಲು ತಡೆದ ಎತ್ತು ಜಲ್ಲಿಯಾಗಿ ರಸ್ತೆಗೆ ಬೀಳಲು ಒಂದು ಮಧ್ಯಾಹ್ನ ಸಾಕು.

ಇಲ್ಲಿ ಎಚ್ಚರದಿಂದ ಮಾತಾಡಬೇಕು. ಸುತ್ತಿಗೆ ಹಿಡಿದ ಕೂಲಿಯವನನ್ನು ತೋರಿಸಿ, ಇವನಿಗೆ ಸಂಸ್ಕೃತಿ ತಿಳಿಯದೆಂದು ಹೇಳುವುದು ಸುಲಭ. ದೊಡ್ಡ ಮನುಷ್ಯರು ಹಾಗೆಯೇ ಹೇಳುತ್ತಾರೆ. ಅವನು ಒಡೆಯುವುದು ಆ ಸಂಜೆಯ ರೊಟ್ಟಿಗಾಗಿ. ಕಲ್ಲಿನಿಂದ ಕಲ್ಲು ಕುಟ್ಟಿ ಎತ್ತು ಬರೆದವನಿಗೆ ನಮ್ಮೆಲ್ಲರಿಗಿಂತ ಹತ್ತಿರದ ನಂಟನು ಅವನೇ. ಲೀಸು ಬರೆದುಕೊಟ್ಟವರನ್ನು ಕೇಳಬೇಕು, ಲಾರಿಯ ಒಡೆಯರನ್ನು ಕೇಳಬೇಕು. ಗಣಿ ನಿಲ್ಲಿಸಿರೆಂದು ಬೇಡುವ ಅರ್ಜಿಯಲ್ಲಿಯೇ ಆ ಕೂಲಿಯವರಿಗೆ ಬೇರೆ ಕೆಲಸ ಕೊಡಿರೆಂದೂ ಬರೆಯಬೇಕು. ಎರಡನೆಯ ಸಾಲಿಲ್ಲದ ಅರ್ಜಿಗೆ ನಾವಂತೂ ಸಹಿ ಮಾಡುವುದಿಲ್ಲ.

ಸುಗ್ಗಿ ಮುಗಿದ ಮೇಲೆ ಕಪ್ಪಗಲ್ಲಿಗೆ ಹೋಗಿಬರುವ ವಿಚಾರವಿದೆ. ಬುತ್ತಿ ಅವರವರೇ ಕಟ್ಟಿಕೊಳ್ಳಬೇಕು. ನೀರು ಹೆಚ್ಚು ತರಬೇಕು, ಗುಡ್ಡದ ಮೇಲೆ ನೆರಳಿಲ್ಲ. ಬರುವವರು ಇಂದೇ ಹೆಸರು ಬರೆಸಿರಿ. ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು. ಹಿಂದಿನ ಸಾಲಿನವರೇ ಮೊದಲು ಕೇಳಲಿ.