ಕೇಳಿಸಿಕೊಂಡವರು ಜೊತೆಗೆ ನಡೆಯಬೇಕು



ವಚನ, ಕಾದಂಬರಿ, ರಂಗಭೂಮಿಯ ಬಗ್ಗೆ ಮಾತುಗಳನ್ನು ಕೇಳುತ್ತ ಬಂದಿರುವ ಸಭೆ ಇದು. ಮನೆಯೊಳಗೆ ಹೊಡೆತ ತಿಂದ, ಬೆದರಿಕೆಯಲ್ಲಿ ಬದುಕಿದ, ಬಲಾತ್ಕಾರ ಸಹಿಸಿಕೊಂಡ ಹೆಣ್ಣುಮಗಳಿಗೆ ನಾಶಿಕ್‌ನಲ್ಲೋ ಛತ್ರಪತಿ ಸಂಭಾಜಿನಗರದಲ್ಲೋ ಸಹಾಯ ಹೇಗೆ ಸಿಗುತ್ತದೆ ಎಂದು ಮಾತಾಡಲು ಇದೇ ವೇದಿಕೆಯಲ್ಲಿ ಜಾಗ ಕೊಟ್ಟಿದ್ದೀರಿ. ಅದಕ್ಕೆ ಮನಸಾರೆ ಕೃತಜ್ಞತೆಗಳು.

ಇದು ಬೇರೆಯವರ ಮನೆಯ ವಿಷಯ ಎಂದು ಯಾರಿಗಾದರೂ ಅನಿಸಿದರೆ ಒಂದು ಲೆಕ್ಕ ಹೇಳುತ್ತೇನೆ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಮಹಾರಾಷ್ಟ್ರದ ಅಂಕಿ ಶೇ. 25ರ ಆಸುಪಾಸು. ಅದಕ್ಕಿಂತ ನನ್ನನ್ನು ಕಾಡುವುದು ಅದೇ ಸಮೀಕ್ಷೆಯ ಇನ್ನೊಂದು ಸಂಖ್ಯೆ. ದೇಶದಲ್ಲಿ ಹಿಂಸೆಗೆ ಒಳಗಾದವರ ಪೈಕಿ ಯಾರದಾದರೂ ಸಹಾಯ ಕೇಳಿದವರು ಶೇ. 14 ಮಾತ್ರ. ಶೇ. 77 ಮಂದಿ ಸಹಾಯವನ್ನೂ ಕೇಳಲಿಲ್ಲ, ಯಾರಿಗೂ ಹೇಳಿಕೊಳ್ಳಲೂ ಇಲ್ಲ. ಕೇಳಿದವರಲ್ಲೂ ಹೆಚ್ಚಿನವರು ಹೋದದ್ದು ತವರಿನವರ ಬಳಿಗೆ. ಪೊಲೀಸರು, ವೈದ್ಯರು, ವಕೀಲರ ತನಕ ಬಂದವರು ಬೆರಳೆಣಿಕೆಯಷ್ಟು.

ಈಗ ತವರೇ ಏಳುನೂರು ಕಿಲೋಮೀಟರ್ ದೂರವಿದ್ದರೆ? ಓಝರ್‌ನ ಎಚ್‌ಎಎಲ್ ಕಾರ್ಖಾನೆಗೆ ಬೆಂಗಳೂರಿನಿಂದ ವರ್ಗವಾಗಿ ಬಂದ ಸಂಸಾರವಿರಬಹುದು, ಸಾತಪುರ, ಅಂಬಡ, ವಾಳೂಜ್‌ನ ಕಾರ್ಖಾನೆಗಳಿಗೆ ಕೂಲಿ ಅರಸಿ ಬಂದ ಕಲಬುರಗಿಯ, ವಿಜಯಪುರದ ಸಂಸಾರವಿರಬಹುದು. ಆ ಮನೆಯ ಹೆಣ್ಣುಮಗಳಿಗೆ ಮರಾಠಿಯಲ್ಲಿ ತರಕಾರಿ ಕೊಳ್ಳಲು ಬರುತ್ತದೆ. ಆದರೆ ರಾತ್ರಿ ಏನು ನಡೆಯಿತು ಎಂದು ಪೊಲೀಸ್ ಠಾಣೆಯಲ್ಲಿ ಹೇಳಿ ಬರೆಸುವಷ್ಟು ಬರುವುದಿಲ್ಲ. ಅವಳು ಮೊದಲು ಬಾಯಿ ಬಿಡುವುದು ಪಕ್ಕದ ಮನೆಯ ಅಕ್ಕನ ಹತ್ತಿರ, ಅಂಗನವಾಡಿ ಕಾರ್ಯಕರ್ತೆಯ ಹತ್ತಿರ, ಇಲ್ಲವೇ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸ್ ಹತ್ತಿರ. ಕೇಂದ್ರಗಳು ಇದ್ದೂ ಅವಳಿಗೆ ಸಿಗದೆ ಹೋಗುವುದು ಇಲ್ಲಿಯೇ, ಆ ಮೊದಲ ಕಿವಿಗೂ ನಿಜವಾದ ಸೇವೆಗೂ ನಡುವಿನ ಜಾಗದಲ್ಲಿ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಜಾಗದ ಬಗ್ಗೆ.

ಮಹಾರಾಷ್ಟ್ರ ಈ ಪ್ರಶ್ನೆಯನ್ನು ಬೇಗ ಗುರುತಿಸಿದ ರಾಜ್ಯ. 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಮುಂಬೈ ಪೊಲೀಸರ ಜೊತೆ ಸೇರಿ ಮಹಿಳೆಯರು ಮತ್ತು ಮಕ್ಕಳಿಗಾಗಿ ವಿಶೇಷ ಘಟಕವನ್ನು ಪೊಲೀಸ್ ಆವರಣದೊಳಗೇ ತೆರೆಯಿತು. ತರಬೇತಿ ಪಡೆದ ಸಮಾಜ ಕಾರ್ಯಕರ್ತೆ ಅಲ್ಲಿಯೇ ಕುಳಿತಿರುತ್ತಾಳೆ. ದೂರು ಕೊಡಲು ಬಂದವಳ ಜೊತೆ ಮೊದಲು ಮಾತಾಡುವವಳು ಅವಳು. ಆ ಮಾದರಿಯನ್ನು ಮುಂದೆ ರಾಜ್ಯ ಸರ್ಕಾರವೇ ಜಿಲ್ಲೆಗಳಿಗೆ ಹಬ್ಬಿಸಿತು. 2000ದಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಶುರುವಾಯಿತು, ಮುಂಬೈ ಮಹಾನಗರಪಾಲಿಕೆ ಮತ್ತು ಸೆಹತ್ ಸಂಸ್ಥೆ ಕೂಡಿ ನಡೆಸಿದ ಕೆಲಸ. ಆಸ್ಪತ್ರೆಯೇ ಏಕೆ? ಠಾಣೆಗೆ ಹೋಗುತ್ತೇನೆ ಎನ್ನಲಾಗದವಳು ಹೊಟ್ಟೆನೋವು, ಆಸ್ಪತ್ರೆಗೆ ಹೋಗಿ ಬರ್ತೀನಿ ಎನ್ನಬಹುದು. ಗಂಡನಾಗಲಿ ಅತ್ತೆಯಾಗಲಿ ಅದನ್ನು ತಡೆಯುವುದು ಕಷ್ಟ.

ಸಂಭಾಜಿನಗರದವರು ಘಾಟಿ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇಲ್ಲಿ ನಮಗೆ ಮುಖ್ಯ. ಮಹಿಳೆಯರ ಮೇಲಿನ ಹಿಂಸೆಗೆ ವೈದ್ಯಕೀಯ ಸಿಬ್ಬಂದಿ ಹೇಗೆ ಸ್ಪಂದಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಅದನ್ನು ನಮ್ಮ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಜಾರಿಗೆ ತರಬಹುದೇ ಎಂದು ಸೆಹತ್ ಜೊತೆಗೂಡಿ ನೋಡಿದ ಜಾಗಗಳು ಔರಂಗಾಬಾದ್, ಮಿರಜ್ ಮತ್ತು ಸಾಂಗಲಿ. ಸಂಭಾಜಿನಗರಕ್ಕೆ ಆಗ ಇದ್ದದ್ದು ಔರಂಗಾಬಾದ್ ಎಂಬ ಹಳೆಯ ಹೆಸರು. ಮಿರಜ್ ಎಂದರೆ ಅಥಣಿ, ಚಿಕ್ಕೋಡಿ, ರಾಯಬಾಗದ ನಮ್ಮ ಜನ ಕಾಯಿಲೆ ಬಿದ್ದಾಗ ಮೊದಲು ನೆನೆಯುವ ಊರು. ಹಾಗಾಗಿ ಇದು ಕನ್ನಡದ ಹೆಣ್ಣುಮಕ್ಕಳನ್ನೂ ನೇರವಾಗಿ ಮುಟ್ಟುವ ಪ್ರಯತ್ನ.

ಅಲ್ಲಿನ ವೈದ್ಯರು, ದಾದಿಯರು ಕಲಿತದ್ದೇನು? ಗುರುತು ಹಿಡಿಯುವುದನ್ನು. ಮೆಟ್ಟಿಲಿನಿಂದ ಬಿದ್ದೆ ಎನ್ನುವವಳ ತೋಳಿನ ಮೇಲೆ ಬೆರಳು ಒತ್ತಿದ ಕಲೆ ಇರುತ್ತದೆ. ಮತ್ತೆ ಮತ್ತೆ ಗರ್ಭಪಾತ, ಕಾರಣ ಸಿಗದ ತಲೆನೋವು, ನಿದ್ದೆ ಬಾರದಿರುವುದು, ಇವೂ ಗುರುತುಗಳೇ. ಇಲಿಪಾಷಾಣವನ್ನೋ ಕೀಟನಾಶಕವನ್ನೋ ‘ಕಣ್ತಪ್ಪಿ ಕುಡಿದೆ’ ಎಂದು ದಾಖಲಾದವಳ ಹೊಟ್ಟೆ ತೊಳೆದು ಮನೆಗೆ ಕಳಿಸಿದರೆ ಚಿಕಿತ್ಸೆ ಮುಗಿಯಲಿಲ್ಲ. ಯಾರೂ ಹತ್ತಿರ ಇಲ್ಲದಾಗ ಅವಳನ್ನು ಕೇಳಬೇಕು, ಹೇಳಿದ್ದನ್ನು ನಂಬಬೇಕು, ತಪ್ಪು ನಿನ್ನದಲ್ಲ ಎನ್ನಬೇಕು, ಇವತ್ತು ರಾತ್ರಿ ಮನೆಗೆ ಹೋಗುವುದು ಕ್ಷೇಮವೇ ಎಂದು ವಿಚಾರಿಸಬೇಕು, ಮುಂದಿನ ಸಹಾಯಕ್ಕೆ ಜೋಡಿಸಬೇಕು. ಈ ಐದರಲ್ಲಿ ಕೊನೆಯದನ್ನು ನಾವು ಅತಿ ಸುಲಭ ಎಂದು ತಿಳಿದಿದ್ದೇವೆ. ಒಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟರೆ ಆಯಿತಲ್ಲ ಎಂದು. ಆ ಚೀಟಿ ಗಂಡನ ಕೈಗೆ ಸಿಕ್ಕರೆ ಅವಳ ಗತಿ ಏನು? ಅವನು ದಿನಾ ಅವಳ ಮೊಬೈಲ್ ತೆರೆದು ನೋಡುವವನಾದರೆ? ಚೀಟಿ ಕೊಡುವುದಲ್ಲ, ನಮ್ಮ ಫೋನಿನಿಂದಲೇ ಮಾತಾಡಿಸಬೇಕು. ಸಾಧ್ಯವಾದರೆ ಎದ್ದು ಜೊತೆಗೆ ಹೋಗಬೇಕು. ಅವಳು ಒಪ್ಪಿದರೆ ಮಾತ್ರ. ಅವಳ ಪರವಾಗಿ ತೀರ್ಮಾನ ಮಾಡುವ ಹಕ್ಕು ನಮಗಿಲ್ಲ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ ಮಾತು ಬೇರೆ, ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ಎಲ್ಲಿಗೆ ಹೋಗುವುದು? 2015ರಿಂದ ಜಿಲ್ಲೆಗಳಲ್ಲಿ ‘ಸಖಿ’ ಒನ್ ಸ್ಟಾಪ್ ಸೆಂಟರ್‌ಗಳು ಬಂದಿವೆ. ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತ ಸಮಾಲೋಚನೆ, ಐದು ದಿನದವರೆಗೆ ಉಳಿಯಲು ಜಾಗ ಒಂದೇ ಸೂರಿನಡಿ ಸಿಗಬೇಕೆಂಬುದು ಅದರ ಉದ್ದೇಶ. 181 ಮಹಿಳಾ ಸಹಾಯವಾಣಿ, ಜೀವಕ್ಕೇ ಅಪಾಯವಿದ್ದರೆ 112. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರನ್ನು ಕೊಡಬೇಕು, ಅದರ ಸಂಖ್ಯೆ 15100. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿ ಡಿಐಆರ್ ಎನ್ನುವ ಘಟನಾ ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅರ್ಜಿ ಬಂದರೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ, ಅರವತ್ತು ದಿನದಲ್ಲಿ ಇತ್ಯರ್ಥಕ್ಕೆ ಯತ್ನ ಎಂದು ಕಾಯ್ದೆ ಹೇಳುತ್ತದೆ. ನಡೆಯುವುದು ಹಾಗಲ್ಲ ಎಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಬೇರೆ ಹತ್ತು ಕೆಲಸಗಳಿರುವ ಅಧಿಕಾರಿಗೇ ಇದನ್ನೂ ಹೊರಿಸಿದರೆ ಇನ್ನೇನಾದೀತು? 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಪಡಿಸಿ ಎಂದು ಹೇಳಬೇಕಾಗಿ ಬಂತು. ಕಾಯ್ದೆ ಜಾರಿಗೆ ಬಂದದ್ದು 2006ರಲ್ಲಿ ಎಂಬುದನ್ನು ಪಕ್ಕಕ್ಕಿಟ್ಟು ನೋಡಿ.

ಇದೇ ಕಾಯ್ದೆಯಲ್ಲಿ ನಮ್ಮಂಥ ಪರಊರಿನವರಿಗೆ ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಹಿಂಸೆ ನಾಶಿಕ್‌ನಲ್ಲಿ ನಡೆದಿದ್ದರೂ, ಅವಳು ಗದಗಿನ ತವರಿಗೆ ಹೋಗಿ ತಾತ್ಕಾಲಿಕವಾಗಿ ನೆಲೆಸಿದ್ದರೆ ಸಾಕು, ಗದಗಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು. ಗಂಡ, ಗಂಡನ ಮನೆಯವರ ಕ್ರೌರ್ಯದ ಕ್ರಿಮಿನಲ್ ದೂರನ್ನೂ ಆಶ್ರಯ ಪಡೆದ ಊರಿನಲ್ಲಿ ಕೊಡಬಹುದೆಂದು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡನೆಯದು, ಪಕ್ಕದ ಮನೆಯವರು ಒಳ್ಳೆಯ ನಂಬಿಕೆಯಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟರೆ ಅವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ‘ನಮಗ್ಯಾಕೆ ಕೋರ್ಟು ಕಚೇರಿ’ ಎಂದು ಗೋಡೆಯಾಚೆಯ ಕೂಗು ಕೇಳುತ್ತ ಮಲಗುವವರು ಇದನ್ನು ತಿಳಿದಿರಲಿ.

ಈಗ ನಮ್ಮ ಸಂಘದ ಮಾತು. ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಪರಊರಿನ ಕನ್ನಡ ಸಂಘ ಸಣ್ಣ ಲೋಕ. ಹೊಡೆತ ತಿಂದವಳೂ ಇಲ್ಲಿನವಳೇ, ಹೊಡೆದವನೂ ರಾಜ್ಯೋತ್ಸವದಲ್ಲಿ ಕುರ್ಚಿ ಹಾಕಿಸಿದವನೇ. ಹಾಗಾಗಿ ವಿಷಯ ಕಿವಿಗೆ ಬಿದ್ದೊಡನೆ ಹಿರಿಯರು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ಹೊರಡುತ್ತೇವೆ. ‘ಹೊಂದ್ಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು’ ಎನ್ನುತ್ತೇವೆ. ದಯವಿಟ್ಟು ಇದನ್ನು ನಿಲ್ಲಿಸೋಣ. ಅವನ ಎದುರು ಅವಳು ನಿಜ ಹೇಳಲಾರಳು, ಹೇಳಿದರೆ ಮನೆಗೆ ಹೋದ ಮೇಲೆ ಅದಕ್ಕೂ ಪೆಟ್ಟು ತಿನ್ನುತ್ತಾಳೆ. ಪಂಚಾಯಿತಿ ನಮ್ಮ ಕೆಲಸವಲ್ಲ.

ನಮ್ಮಿಂದ ಆಗುವುದು ಭಾಷೆಯ ಕೆಲಸ. ಕನ್ನಡ, ಮರಾಠಿ ಎರಡೂ ಚೆನ್ನಾಗಿ ಬಲ್ಲ ಕೆಲವು ಹೆಂಗಸರು ಸಾಕು. ಅವರು ತರಬೇತಿ ಪಡೆಯಬೇಕು, ಅವಳ ಬಂಧುಗಳಾಗಿರಬಾರದು, ಕೇಳಿದ್ದನ್ನು ಸ್ವಂತ ಗಂಡನಿಗೂ ಹೇಳಕೂಡದು. ಅವಳು ಹೇಳಿದಷ್ಟನ್ನೇ ಮರಾಠಿಗೆ ತರಬೇಕು, ಮೆದುವಾಗಿಸಬಾರದು, ‘ಸ್ವಲ್ಪ ಜಗಳ’ ಎಂದು ಚಿಕ್ಕದು ಮಾಡಬಾರದು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಶಾಲೆಯ ಕಾಗದಗಳ ನಕಲನ್ನು ಅವಳು ನಂಬುವವರ ಬಳಿ ಇಡಿಸಬೇಕು. ಇಂಥ ಕೆಲಸಕ್ಕೆ ನಮಗೊಂದು ಹಳೆಯ ಮಾದರಿಯೂ ಇದೆ. ನಮ್ಮ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಇದೇ ಮರಾಠಿ ನೆಲದಲ್ಲಿ, 1889ರಲ್ಲಿ, ದಿಕ್ಕಿಲ್ಲದ ವಿಧವೆಯರಿಗೆ ಶಾರದಾ ಸದನ ತೆರೆದರು. ಒಂದು ಮನೆಯನ್ನೇ ಕಟ್ಟಿ ನಿಲ್ಲಿಸಿದವರು ಅವರು. ನಾವು ಕಟ್ಟಬೇಕಾದ್ದೇನೂ ಇಲ್ಲ, ಈಗಾಗಲೇ ಇರುವ ಬಾಗಿಲ ತನಕ ಅವಳ ಜೊತೆ ಹೋಗಬೇಕು.

ಮೊದಲ ಕೆಲಸ ಈ ತಿಂಗಳೇ ಆಗಬಹುದು. ಇಬ್ಬಿಬ್ಬರು ಹೋಗಿ ಸಖಿ ಕೇಂದ್ರ, ಮಹಿಳಾ ಘಟಕ, ಸಂರಕ್ಷಣಾಧಿಕಾರಿಯ ಕಚೇರಿ ನೋಡಿ ಬನ್ನಿ. ಯಾವ ರಿಕ್ಷಾ ನಿಲ್ದಾಣದಲ್ಲಿ ಇಳಿಯಬೇಕು, ಭಾನುವಾರ ಯಾರಿರುತ್ತಾರೆ, ರಾತ್ರಿ ಹತ್ತಕ್ಕೆ ಫೋನ್ ಎತ್ತುತ್ತಾರೆಯೇ, ಹನ್ನೆರಡು ವರ್ಷದ ಮಗ ಜೊತೆಗಿದ್ದರೆ ಅವನನ್ನೂ ಒಳಗೆ ಇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ ಬರೆದುಕೊಳ್ಳಿ. ಬರಲು ಸಿದ್ಧರಿರುವವರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಹೆಸರು ಕೊಡಿ.